ನಾಲ್ವರ ಪ್ರವಾಸ, ನಾಲ್ಕು ಮನಸ್ಸು

ಪ್ರಶ್ನೆ: ನಾವು ನಾಲ್ವರು ಗೆಳತಿಯರು ಜರ್ಮನಿಯ ನ್ಯೂರೆಂಬರ್ಗ್‌ಗೆ ಹೊರಟಿದ್ದೇವೆ. ಒಬ್ಬಳಿಗೆ ಮಂಡಿನೋವು, ಇಬ್ಬರು ಸಸ್ಯಾಹಾರಿಗಳು. ಜಗಳವಾಗದಂತೆ ಸುತ್ತುವುದು ಹೇಗೆ?

ಉತ್ತರ: ಇಡೀ ದಿನ ಜೊತೆಗೇ ಇರಬೇಕೆಂಬ ಹಟವನ್ನು ಮೊದಲು ಬಿಡಿ. ಬೆಳಿಗ್ಗೆ ಎರಡು ತಂಡವಾಗಿ. ಕೈಸರ್‌ಬುರ್ಗ್ ಕೋಟೆಗೆ ಕಲ್ಲುಹಾಸಿನ ಏರುದಾರಿ. ಗಟ್ಟಿ ಕಾಲಿನವರು ಅದನ್ನು ಹತ್ತಿ, ಇಳಿಯುವಾಗ ಚಿತ್ರಕಾರ ಡ್ಯೂರರ್ ಬಾಳಿದ ಮನೆ ನೋಡಲಿ. ಮಂಡಿನೋವಿನ ಗೆಳತಿಯ ಜೊತೆ ಒಬ್ಬರು ಜರ್ಮನ್ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋಗಲಿ. ಉಳಿದಿರುವ ಅತ್ಯಂತ ಹಳೆಯ ಭೂಗೋಳದ ಮಾದರಿ (ಗ್ಲೋಬ್), ಮಾರ್ಟಿನ್ ಬೆಹೈಮ್‌ನದು, ಅಲ್ಲಿಯದು. ಸೋಮವಾರ ಆ ಸಂಗ್ರಹಾಲಯಕ್ಕೆ ರಜೆ.

ಮಧ್ಯಾಹ್ನ 12ಕ್ಕೆ ಎಲ್ಲರೂ ಹಾಪ್ಟ್‌ಮಾರ್ಕ್ಟ್ ಚೌಕದಲ್ಲಿ ಸೇರಿ. ಫ್ರಾವೆನ್‌ಕಿರ್ಕೆ ಚರ್ಚಿನ ಗಡಿಯಾರದಲ್ಲಿ ಚಕ್ರವರ್ತಿಯನ್ನು ಆರಿಸುತ್ತಿದ್ದ ಏಳು ಪ್ರಭುಗಳ ಬೊಂಬೆಗಳು ಚಕ್ರವರ್ತಿ ನಾಲ್ಕನೇ ಚಾರ್ಲ್ಸ್‌ನನ್ನು ಸುತ್ತುತ್ತವೆ. ಅವನು ಹೊರಡಿಸಿದ 1356ರ ರಾಜಶಾಸನದ ನೆನಪು ಅದು.

ಊಟಕ್ಕೆ ಅಲ್ಲಿಂದಲೇ ಹೊರಡಿ. ಅನೇಕ ಹೋಟೆಲುಗಳ ಅಡುಗೆಮನೆಗಳು ಮಧ್ಯಾಹ್ನದ ಊಟದ ಹೊತ್ತಿನ ನಂತರ ಸಂಜೆಯವರೆಗೆ ಮುಚ್ಚಿರುತ್ತವೆ. ಊರಿನ ಹೆಮ್ಮೆಯಾದ ಬೆರಳುದ್ದದ ಸಾಸೇಜ್ ಹಂದಿಮಾಂಸದ್ದು. ಸಸ್ಯಾಹಾರಿಗಳಿಗೆ ಚೀಸ್ ಬೆರೆಸಿದ ಕೇಸೆಶ್ಪೆಟ್ಸ್ಲೆ ಎಂಬ ನೂಡಲ್ ಖಾದ್ಯ ಇದೆ, ಆದರೆ ಅದರಲ್ಲಿ ಮೊಟ್ಟೆ ಇರುತ್ತದೆ. ಆಲೂಗಡ್ಡೆ ಖಾದ್ಯಗಳಿಗೂ ಹಂದಿಮಾಂಸದ ಚೂರು ಬೀಳುವುದುಂಟು, ಕೇಳಿಯೇ ತರಿಸಿ. ನೀರಿಗೂ ದುಡ್ಡು ಕೊಡಬೇಕು. ಬಿಲ್ ಬೇರೆಬೇರೆ ಕೊಡಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಅರ್ಧ ಮನಸ್ತಾಪ ಅಲ್ಲೇ ತಪ್ಪುತ್ತದೆ.

ಮಂಡಿನೋವಿನ ಗೆಳತಿಗೆ ತಾನು ಹೊರೆ ಅನ್ನಿಸಬಾರದು. ಆದ್ದರಿಂದ ಜೊತೆಗಿರುವ ಸರದಿಯನ್ನು ಹೊರಡುವ ಮೊದಲೇ ಹಂಚಿಕೊಳ್ಳಿ.