ಅಂಗಮರ್ದನದಿಂದ ದೇಹದಲ್ಲಿ ಆಗುವುದೇನು?

ಕತ್ತಲೆಯಲ್ಲಿ ನಡೆಯುವಾಗ ಮೊಣಕಾಲು ಮಂಚದ ಅಂಚಿಗೆ ತಾಗಿತೆನ್ನೋಣ. ಯಾರೂ ಹೇಳಿಕೊಡದಿದ್ದರೂ ಕೈ ತಾನಾಗಿಯೇ ಆ ಜಾಗಕ್ಕೆ ಹೋಗಿ ತಿಕ್ಕತೊಡಗುವುದು. ತಿಕ್ಕಿದೊಡನೆ ನೋವು ತುಸು ತಗ್ಗುವುದು. ಮರ್ದನ ಚಿಕಿತ್ಸೆಯೆಂದು ಹೆಸರಾಗಿರುವುದೆಲ್ಲವೂ ಈ ಸಹಜ ಕ್ರಿಯೆಯ ವಿಸ್ತಾರವೆಂದರೆ ತಪ್ಪಾಗಲಾರದು. ಆದರೆ ತಿಕ್ಕುವ ಕೈ ದೇಹಕ್ಕೆ ಕೊಡುವುದಾದರೂ ಏನನ್ನು? ಒತ್ತಡ, ಘರ್ಷಣೆ, ಚಲನೆ, ತುಸು ಶಾಖ ಇಷ್ಟನ್ನೇ. ಇವೆಲ್ಲ ಭೌತಶಾಸ್ತ್ರದ ಮೊದಲ ಪಾಠಗಳಲ್ಲಿ ಬರುವ ಸಂಗತಿಗಳು. ಇವುಗಳಿಂದ ರೋಗಿಗೆ ಹಿತವಾಗುವುದು ಹೇಗೆಂಬುದನ್ನೂ, ಯಾವಾಗ ಅಹಿತವಾಗುವುದೆಂಬುದನ್ನೂ ವಿಚಾರಿಸುವುದು ಈ ಲೇಖನದ ಉದ್ದೇಶ.

ನಮ್ಮ ದೇಶದಲ್ಲಿ ಈ ವಿದ್ಯೆ ಬಹು ಪ್ರಾಚೀನವಾದುದು. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯವು ದಿನಚರಿಯಲ್ಲಿ ಎಣ್ಣೆಯ ಅಭ್ಯಂಗವನ್ನು ವಿಧಿಸಿ, ಎಣ್ಣೆಯಿಂದ ಮಡಕೆಯೂ ಚರ್ಮವೂ ಗಾಡಿಯ ಅಚ್ಚೂ ದೃಢವಾಗುವಂತೆ ಶರೀರವೂ ದೃಢವಾಗುವುದೆಂದು ಹೋಲಿಸುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ದಲ್ಲಿ ಪಾದಾಭ್ಯಂಗವು ರಾಜಭೋಗಗಳಲ್ಲೊಂದು. ಗರಡಿಮನೆಯ ಜಟ್ಟಿಗಳ ಮಾಲೀಸು, ಕೂಸಿಗೆ ಎಣ್ಣೆ ನೀವುವ ಅಜ್ಜಿಯ ಕೈ, ನರಕ ಚತುರ್ದಶಿಯ ಅಭ್ಯಂಜನ ಇವು ನಮ್ಮೆಲ್ಲರಿಗೂ ಪರಿಚಿತ. ಇಲ್ಲೊಂದು ಸ್ವಾರಸ್ಯವಿದೆ. ಪಾಟ್ನಾದಲ್ಲಿ 1759ರಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದನು ಇಂಗ್ಲೆಂಡಿಗೆ ಹೋಗಿ, ಬ್ರೈಟನ್ ನಗರದಲ್ಲಿ ಹಬೆಸ್ನಾನದ ಮನೆಯೊಂದನ್ನು ತೆರೆದು, ನಾಲ್ಕನೆಯ ಜಾರ್ಜ್ ದೊರೆಗೂ ಅಂಗಮರ್ದಕನಾದನು. ಅವನ ವಿದ್ಯೆಗೆ ಆಂಗ್ಲರು ಹೇಳುತ್ತಿದ್ದ ಹೆಸರು 'ಶಾಂಪೂಯಿಂಗ್'. ಒತ್ತು ಎಂಬರ್ಥದ ಹಿಂದೀ ಶಬ್ದದಿಂದ ಬಂದದ್ದು. ನಾವಿಂದು ಅಂಗಡಿಯಿಂದ ತರುವ ಶಾಂಪೂವಿನ ಹೆಸರು ಮೂಲತಃ ಮೈ ಒತ್ತುವುದಕ್ಕೆ ಸಂಬಂಧಿಸಿದ್ದು!

ಈಗ ಲೋಕದಲ್ಲೆಲ್ಲ ಪ್ರಚಾರದಲ್ಲಿರುವುದು 'ಸ್ವೀಡಿಷ್ ಮರ್ದನ'. 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ವ್ಯಾಯಾಮಶಾಲೆಯನ್ನು ಸ್ಥಾಪಿಸಿದ ಪೆರ್ ಹೆನ್ರಿಕ್ ಲಿಂಗ್‌ನೇ ಇದರ ಜನಕನೆಂದು ವಾಡಿಕೆಯ ಮಾತು. ಆದರೆ ಮರ್ದನದ ಕ್ರಮಗಳನ್ನು ಇಂದಿನಂತೆ ವಿಂಗಡಿಸಿದ ಕೀರ್ತಿ ಡಚ್ ವೈದ್ಯ ಮೆಜ್ಗರ್‌ನಿಗೆ (1838-1909) ಸಲ್ಲತಕ್ಕದ್ದು. ಅವನ ಶಿಷ್ಯರು ಬಳಸಿದ ಫ್ರೆಂಚ್ ಪದಗಳ ಬದಲು ನಮ್ಮ ಕನ್ನಡ ಕ್ರಿಯಾಪದಗಳೇ ಸಾಕು: ಅಂಗೈಯಿಂದ ಉದ್ದಕ್ಕೆ ನೀವುವುದು, ಹಿಟ್ಟಿನಂತೆ ಸ್ನಾಯುವನ್ನು ನಾದುವುದು, ಬೆರಳ ತುದಿಯಿಂದ ಒಂದೇ ಸ್ಥಳವನ್ನು ಉಜ್ಜುವುದು, ಅಂಗೈಯ ಅಂಚಿನಿಂದ ತಟ್ಟುವುದು. ಜಪಾನಿನ ಶಿಯಾತ್ಸು ಪದ್ಧತಿಯಲ್ಲಿ ಎಣ್ಣೆಯಿಲ್ಲ; ಹೆಬ್ಬೆರಳಿನಿಂದ ಒತ್ತುವುದೇ ಪ್ರಧಾನ. ಥಾಯ್ಲೆಂಡಿನ ಪದ್ಧತಿಯಲ್ಲಿ ಒತ್ತುವುದರೊಡನೆ ಕೈಕಾಲುಗಳನ್ನು ಎಳೆದು ಬಾಗಿಸುವುದೂ ಸೇರಿದೆ. 2019ರಲ್ಲಿ ಯುನೆಸ್ಕೋ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಕೇರಳದ ಉಳಿಚ್ಚಿಲ್ ಎಣ್ಣೆಯ ಪದ್ಧತಿಗಳಲ್ಲಿ ಪ್ರಸಿದ್ಧವಾದುದು.

ಹೆಸರುಗಳು ಎಷ್ಟೇ ಇರಲಿ, ಮೊದಲು ನೋಡಬೇಕಾದುದು ಒತ್ತಡವನ್ನು. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ ಲಬ್ಧವೆಂಬುದು ವಿದ್ಯಾರ್ಥಿಗಳಿಗೆ ತಿಳಿದೇ ಇದೆ. 2 ಕಿಲೋಗ್ರಾಂ ತೂಕದಷ್ಟು ಬಲವನ್ನು 100 ಚದರ ಸೆಂಟಿಮೀಟರಿನ ಅಂಗೈಯಿಂದ ಹಾಕಿದರೆ ಚರ್ಮದ ಮೇಲಿನ ಒತ್ತಡ ಪಾದರಸದ ಸುಮಾರು 15 ಮಿಲಿಮೀಟರಿನಷ್ಟು. ಅದೇ ಬಲವನ್ನು 4 ಚದರ ಸೆಂಟಿಮೀಟರಿನ ಹೆಬ್ಬೆರಳಿನಿಂದ ಹಾಕಿದರೆ ಸುಮಾರು 370 ಮಿಲಿಮೀಟರು! ಮಲಗಿದ ಮನುಷ್ಯನ ಕೈಕಾಲುಗಳ ಅಭಿಧಮನಿಗಳಲ್ಲಿ, ಎಂದರೆ ಹೃದಯಕ್ಕೆ ಮರಳುವ ರಕ್ತನಾಳಗಳಲ್ಲಿ, ಒತ್ತಡವು 10-15 ಮಿಲಿಮೀಟರು ಮಾತ್ರ. ಅಪಧಮನಿಗಳಲ್ಲಿ ಅದು 120ರವರೆಗೆ ಏರುವುದು. ಆದುದರಿಂದ ಹಗುರವಾಗಿ ನೀವುವ ಅಂಗೈ ಚರ್ಮದ ಕೆಳಗಿನ ಅಭಿಧಮನಿಗಳನ್ನು ಬರಿದುಮಾಡಬಲ್ಲುದು. ಹೆಬ್ಬೆರಳು ಒತ್ತಿದೆಡೆಯಲ್ಲಿ ಸಣ್ಣ ಅಪಧಮನಿಗಳೂ ಕ್ಷಣಕಾಲ ಮುಚ್ಚಿಹೋಗುವುವು. ಬಲ ಒಂದೇ, ಫಲ ಬೇರೆ.

ನೀವುವ ಕೈ ಸದಾ ಹೃದಯದ ಕಡೆಗೆ ಚಲಿಸಬೇಕೆಂಬ ನಿಯಮಕ್ಕೂ ಕಾರಣವಿದೆ. ವಿಲಿಯಂ ಹಾರ್ವೆಯು 1628ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಯಾರಾದರೂ ಮಾಡಿ ನೋಡಬಹುದು. ತೋಳಿಗೆ ಬಟ್ಟೆಯೊಂದನ್ನು ತುಸು ಬಿಗಿಯಾಗಿ ಸುತ್ತಿದರೆ ಮುಂಗೈಯ ಅಭಿಧಮನಿಗಳು ಉಬ್ಬುವುವು. ಅಲ್ಲಲ್ಲಿ ಗಂಟುಗಳು ಕಾಣುವುವು. ಮಣಿಕಟ್ಟಿನ ಬಳಿ ಒಂದು ನಾಳವನ್ನು ಒಂದು ಬೆರಳಿನಿಂದ ಅದುಮಿಟ್ಟು, ಇನ್ನೊಂದು ಬೆರಳಿನಿಂದ ಅದರೊಳಗಿನ ರಕ್ತವನ್ನು ಮೇಲಿನ ಗಂಟಿನಾಚೆಗೆ ನೀವಿಬಿಡಿ. ಆ ಭಾಗ ಬರಿದಾಗಿಯೇ ಉಳಿಯುವುದು. ಮೇಲಿನ ರಕ್ತ ಕೆಳಗಿಳಿಯದು. ಗಂಟೆಂದು ಕಂಡದ್ದು ಒಂದೇ ದಿಕ್ಕಿಗೆ ತೆರೆಯುವ ಕವಾಟ. (ಬಟ್ಟೆಯನ್ನು ಒಂದೆರಡು ನಿಮಿಷಗಳಲ್ಲಿ ಬಿಚ್ಚಿಬಿಡಬೇಕು.)

ಹೀಗಿದ್ದರೂ 'ಮರ್ದನದಿಂದ ರಕ್ತಸಂಚಾರ ಹೆಚ್ಚುವುದು' ಎಂಬ ಮಾತನ್ನು ಎಚ್ಚರದಿಂದ ಆಡಬೇಕು. ಚರ್ಮ ಕೆಂಪಾಗಿ ಬಿಸಿಯಾಗುವುದೇನೋ ನಿಜ. ಆದರೆ 1990ರ ದಶಕದಲ್ಲಿ ಕೆನಡಾದ ಸಂಶೋಧಕರು ಶ್ರವಣಾತೀತ ಧ್ವನಿತರಂಗಗಳಿಂದ ಅಳೆದು ನೋಡಿದಾಗ, ಸ್ನಾಯುಗಳಿಗೆ ಬರುವ ರಕ್ತದ ಪ್ರವಾಹ ಮರ್ದನದಿಂದ ಗಮನಾರ್ಹವಾಗಿ ಹೆಚ್ಚಿರಲಿಲ್ಲ. ಲಘು ವ್ಯಾಯಾಮದಿಂದ ಹೆಚ್ಚಿತ್ತು.

ಹಗುರವಾದ ಕೈಗೆ ನಿಜವಾದ ಕೆಲಸವಿರುವುದು ದುಗ್ಧರಸದ ವಿಷಯದಲ್ಲಿ. ಅಂಗಾಂಶಗಳಲ್ಲಿ ಉಳಿದ ದ್ರವವನ್ನು ರಕ್ತಕ್ಕೆ ಹಿಂದಿರುಗಿಸುವ ಈ ವ್ಯವಸ್ಥೆಗೆ ಹೃದಯದಂತಹ ಪಂಪು ಇಲ್ಲ. ಸ್ತನದ ಅರ್ಬುದಕ್ಕೆ ಶಸ್ತ್ರಚಿಕಿತ್ಸೆಯಾಗಿ ಕಂಕುಳಿನ ಗ್ರಂಥಿಗಳನ್ನು ತೆಗೆದಾಗ ಕೆಲವರ ತೋಳು ಬಾತುಕೊಳ್ಳುವುದು. ಡೆನ್ಮಾರ್ಕಿನ ಎಮಿಲ್ ವೋಡರ್ ದಂಪತಿಗಳು 1930ರ ದಶಕದಲ್ಲಿ ರೂಪಿಸಿದ ಮೃದುಮರ್ದನವನ್ನು ಇಂತಹವರಿಗೆ, ಒತ್ತುಪಟ್ಟಿಗಳೊಡನೆ, ಇಂದಿಗೂ ಉಪಯೋಗಿಸುತ್ತಾರೆ. ಇದರಲ್ಲಿ ಚರ್ಮವನ್ನು ಮೆಲ್ಲನೆ ಸರಿಸುವುದಷ್ಟೇ. ಜಟ್ಟಿಯ ಕೈ ಇಲ್ಲಿ ಬೇಡವೇ ಬೇಡ. ಚರ್ಮದ ಕೆಳಗಿನ ಆ ಸೂಕ್ಷ್ಮನಾಳಗಳು ಬಲವಾಗಿ ಅದುಮಿದರೆ ಮುಚ್ಚಿಕೊಳ್ಳುವುವು.

ಇನ್ನು ನೋವಿನ ಮಾತು. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 'ದ್ವಾರ ಸಿದ್ಧಾಂತ'ವನ್ನು ಮಂಡಿಸಿದರು. ಸ್ಪರ್ಶದ ಸುದ್ದಿಯನ್ನು ಒಯ್ಯುವ ದಪ್ಪ ನರತಂತುಗಳಲ್ಲಿ ಸಂದೇಶದ ವೇಗ ಸೆಕೆಂಡಿಗೆ ಸುಮಾರು 50 ಮೀಟರು. ಮಂದವಾದ ನೋವನ್ನು ಒಯ್ಯುವ ತೆಳುವಾದ ತಂತುಗಳಲ್ಲಿ ಒಂದು ಮೀಟರಿನಷ್ಟು ಮಾತ್ರ. ಎರಡೂ ಬೆನ್ನುಹುರಿಯಲ್ಲಿ ಕೂಡುವುವು. ಅಲ್ಲಿ ಸ್ಪರ್ಶದ ಸಂದೇಶವು ನೋವಿನ ದಾರಿಯನ್ನು ಭಾಗಶಃ ಮುಚ್ಚುವುದೆಂಬುದು ಸಿದ್ಧಾಂತದ ಸಾರ. ಸ್ಪರ್ಶವು ಓಟದಲ್ಲಿ ಗೆದ್ದುದರಿಂದ ಹೀಗಾಗುವುದೆಂದು ತಿಳಿಯಬಾರದು. ದಪ್ಪ ತಂತುಗಳು ನಡುವಣ ನರಕೋಶಗಳನ್ನು ಕೆರಳಿಸಿ, ಅವು ನೋವಿನ ಸಂದೇಶವನ್ನು ತಡೆಯುವುವು. ವಿವರಗಳು ಮುಂದೆ ತಿದ್ದುಪಡಿಯಾದರೂ ಮೂಲಭಾವನೆ ಉಳಿದಿದೆ. ಮೊಣಕಾಲನ್ನು ತಿಕ್ಕಿದಾಗ ನೋವು ತಗ್ಗುವುದು ಹೀಗೆ. ಒತ್ತಡವನ್ನು ವಿದ್ಯುತ್ ಸಂದೇಶವನ್ನಾಗಿ ಮಾರ್ಪಡಿಸುವ ಪ್ರೋಟೀನುಗಳನ್ನು ಕಂಡುಹಿಡಿದುದಕ್ಕಾಗಿ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಇಷ್ಟೇ ಅಲ್ಲದೆ, ರೋಮವಿರುವ ಚರ್ಮದಲ್ಲಿ ಮತ್ತೊಂದು ಬಗೆಯ ತೆಳುತಂತುಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರು ವೇಗದಲ್ಲಿ ನೇವರಿಸಿದಾಗ ಅವು ಅತ್ಯಂತ ಚುರುಕಾಗುವುವು. ಮಗುವನ್ನು ನೇವರಿಸುವ ತಾಯಿಯ ಕೈ ಸಾಮಾನ್ಯವಾಗಿ ಇದೇ ವೇಗದಲ್ಲಿ ಚಲಿಸುವುದೆಂಬುದು ಮನಸ್ಸಿಗೆ ಮುದ ಕೊಡುವ ಸಂಗತಿ.

ಆಟಗಾರರಲ್ಲಿ ಒಂದು ನಂಬಿಕೆಯಿದೆ: ಮರ್ದನವು ಸ್ನಾಯುಗಳಲ್ಲಿ ಸೇರಿದ ಲ್ಯಾಕ್ಟಿಕ್ ಆಮ್ಲವನ್ನು ಹಿಂಡಿ ತೆಗೆಯುವುದೆಂದು. ಇದು ಸರಿಯಲ್ಲ. ಆ ಆಮ್ಲವು ಸುಮಾರು ಒಂದು ಗಂಟೆಯಲ್ಲಿ ತಾನಾಗಿಯೇ ಕರಗುವುದು; ಮೈನೋವಾದರೋ ಮರುದಿನ ಬರುವುದು. 2012ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದವರು ಪ್ರಕಟಿಸಿದ ಪ್ರಯೋಗದಲ್ಲಿ 11 ಮಂದಿ ತರುಣರು ದಣಿಯುವವರೆಗೆ ಸೈಕಲ್ ತುಳಿದರು. ಪ್ರತಿಯೊಬ್ಬನ ಒಂದು ತೊಡೆಗೆ ಮಾತ್ರ ಹತ್ತು ನಿಮಿಷ ಮರ್ದನ ಮಾಡಿ, ಎರಡೂ ತೊಡೆಗಳಿಂದ ಸ್ನಾಯುವಿನ ಚೂರುಗಳನ್ನು ತೆಗೆದು ಹೋಲಿಸಿದರು. ಒಬ್ಬನದೇ ಎರಡು ಕಾಲುಗಳನ್ನು ಹೋಲಿಸುವ ಈ ಉಪಾಯ ಮೆಚ್ಚತಕ್ಕದ್ದು. ಲ್ಯಾಕ್ಟಿಕ್ ಆಮ್ಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮರ್ದನಗೊಂಡ ಕಾಲಿನಲ್ಲಿ ಉರಿಯೂತದ ರಾಸಾಯನಿಕ ಚಿಹ್ನೆಗಳು ಕಡಿಮೆಯಿದ್ದವು. ಪ್ರಯೋಜನ ನಿಜ, ಹೇಳುತ್ತಿದ್ದ ಕಾರಣ ಮಾತ್ರ ತಪ್ಪು. ಕೇವಲ 11 ಮಂದಿಯ ಫಲಿತಾಂಶವೆಂಬುದನ್ನೂ ಮರೆಯಬಾರದು.

ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳಿಗೆ ದಿನಕ್ಕೆ ಮೂರು ಬಾರಿ, 15 ನಿಮಿಷಗಳಂತೆ ಹತ್ತು ದಿನ ಮರ್ದನ ಮಾಡಿದಾಗ ಅವು ಇತರ ಶಿಶುಗಳಿಗಿಂತ ನೂರಕ್ಕೆ 47ರಷ್ಟು ಹೆಚ್ಚು ತೂಕ ಗಳಿಸಿದುವೆಂದು ಅಮೆರಿಕದ ಟಿಫನಿ ಫೀಲ್ಡ್ ಮತ್ತು ಸಂಗಡಿಗರು 1986ರಲ್ಲಿ ವರದಿ ಮಾಡಿದರು. ಇದೂ ಚಿಕ್ಕ ಪ್ರಯೋಗವೇ. ಸೊಂಟನೋವಿನ ಬಗೆಗೆ 25 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಸಮೀಕ್ಷೆಯು, ಮರ್ದನದಿಂದ ಸ್ವಲ್ಪಕಾಲ ಉಪಶಮನವಾಗಬಹುದಾದರೂ ಪುರಾವೆ ದುರ್ಬಲವೆಂದಿತು. ಯಾವುದು ಮರ್ದನವೆಂದು ತಿಳಿಯದಂತೆ ರೋಗಿಯ ಕಣ್ಣು ಕಟ್ಟಲು ಸಾಧ್ಯವಿಲ್ಲದಿರುವುದೇ ಇಂತಹ ಪರೀಕ್ಷೆಗಳ ದೊಡ್ಡ ತೊಡಕು. ಗುಳಿಗೆಯಾದರೆ ಸಕ್ಕರೆಯ ಗುಳಿಗೆಯನ್ನು ಕೊಟ್ಟು ಹೋಲಿಸಬಹುದು, ಕೈಗೆ ಸಾಟಿಯಾದ ಹುಸಿ ಕೈ ಎಲ್ಲಿಂದ ತರೋಣ?

ಮರ್ದನ ಮಾಡಲೇಬಾರದ ಸಂದರ್ಭಗಳಿವೆ. ಬಹುಕಾಲ ಹಾಸಿಗೆ ಹಿಡಿದವರಲ್ಲಿ, ಶಸ್ತ್ರಚಿಕಿತ್ಸೆಯಾದವರಲ್ಲಿ, ಬಾಣಂತಿಯರಲ್ಲಿ ಕಾಲಿನ ಒಳ ಅಭಿಧಮನಿಗಳಲ್ಲಿ ಒಮ್ಮೊಮ್ಮೆ ರಕ್ತ ಹೆಪ್ಪುಗಟ್ಟುವುದು. ಆಗ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುವುದು. ಮನೆಯವರು ಪ್ರೀತಿಯಿಂದ ಎಣ್ಣೆ ಹಚ್ಚಿ ನೀವತೊಡಗುವುದು ಇಂತಹ ಕಾಲನ್ನೇ. ರಕ್ತವನ್ನು ಹೃದಯದ ಕಡೆಗೆ ತಳ್ಳುವ ಅದೇ ಕೈ ಹೆಪ್ಪನ್ನೂ ಕಿತ್ತು ತಳ್ಳಬಲ್ಲುದು. ಅದು ಹೃದಯವನ್ನು ದಾಟಿ ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಕ್ಷೌರದಂಗಡಿಯಲ್ಲಿ ತಲೆ ಒತ್ತಿಸಿಕೊಳ್ಳುವುದರಲ್ಲಿ ದೋಷವಿಲ್ಲ. ಕೊನೆಗೆ ಕತ್ತನ್ನು ಥಟ್ಟನೆ ತಿರುಚಿ ನೆಟಿಕೆ ಮುರಿಯುವುದನ್ನು ಮಾತ್ರ ಬೇಡವೆನ್ನಬೇಕು. ಆ ತಿರುಚಿನಲ್ಲಿ ಮೆದುಳಿಗೆ ಹೋಗುವ ಅಪಧಮನಿಯ ಒಳಪದರ ಹರಿದು ಲಕ್ವ ಬಡಿದ ಪ್ರಕರಣಗಳು ಕರ್ನಾಟಕದಲ್ಲಿಯೂ ವರದಿಯಾಗಿವೆ. ಆಟದಲ್ಲಿ ಬಿದ್ದು ಕಾಲು ಊದಿಕೊಂಡು, ನೆಲಕ್ಕೆ ಊರಲಾಗದಿದ್ದರೆ, ಮೂಳೆ ಮುರಿದಿಲ್ಲವೆಂದು ಎಕ್ಸ್-ಕಿರಣಗಳ ಚಿತ್ರದಿಂದ ಖಚಿತವಾಗುವವರೆಗೆ ಅದನ್ನು ತಿಕ್ಕಗೊಡಬಾರದು. ಬರಿಯ ಉಳುಕೆಂದು ತಿಳಿದ ಮೇಲೂ ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯೂ ವಿಶ್ರಾಂತಿಯೂ ಇರಲಿ, ನೀವುವ ಕೈ ಆಮೇಲೆ ಬರಲಿ.