ಮಣ್ಣಿನ ಮನೆ ಮತ್ತು ಒಂದು ಕೆಂಪು ಚೆಂಡು



*ಇಂದಿನ ಓದು: ಸಂಯುತ್ತ ನಿಕಾಯ, ರಾಧ ಸಂಯುತ್ತ, ಸತ್ತ ಸುತ್ತ*

ಸುತ್ತ ಚಿಕ್ಕದು. ಸಾವತ್ಥಿಯಲ್ಲಿ ರಾಧ ಎಂಬ ಭಿಕ್ಷು ಭಗವಾನರನ್ನು ಕೇಳುತ್ತಾರೆ: ಎಲ್ಲರೂ 'ಸತ್ತ', 'ಸತ್ತ' ಅನ್ನುತ್ತಾರಲ್ಲ, ಯಾವ ಕಾರಣಕ್ಕೆ ಹಾಗೆ ಕರೆಯುವುದು? (ಕನ್ನಡದ 'ಸತ್ತ' ಅಲ್ಲ ಮತ್ತೆ! ಹೋದ ತಿಂಗಳು ಗುಂಪಿನಲ್ಲಿ ಒಬ್ಬರು ಹಾಗೇ ಓದಿಕೊಂಡು ಗಾಬರಿಯಾಗಿದ್ದರು.) ಪಾಲಿಯ ಈ ಒಂದು ಪದದೊಳಗೆ ಸಂಸ್ಕೃತದ ಎರಡು ಪದಗಳು ಬಂದು ಸೇರಿವೆ. ಒಂದು ಸತ್ತ್ವ, ಅಂದರೆ ಜೀವಿ. ಇನ್ನೊಂದು ಸಕ್ತ, ಅಂದರೆ ಅಂಟಿಕೊಂಡದ್ದು. ನಾವು ದಿನಾ ಆಡುವ 'ಆಸಕ್ತಿ'ಯಲ್ಲಿ ಇರುವುದು ಇದೇ. ಭಗವಾನರ ಉತ್ತರ ಎರಡನ್ನೂ ಒಂದು ಮಾಡುತ್ತದೆ. ರೂಪ, ವೇದನಾ, ಸಞ್ಞಾ, ಸಂಖಾರ, ವಿಞ್ಞಾಣ ಇವುಗಳಿಗೆ ರಾಗದಿಂದ ಅಂಟಿಕೊಂಡಿದ್ದಾನೆ, ಅದಕ್ಕೇ ಅವನು 'ಸತ್ತ'.

ಆಮೇಲೆ ಒಂದು ಉಪಮೆ ಬರುತ್ತದೆ. ಹುಡುಗರು ಹುಡುಗಿಯರು ಮಣ್ಣಿನಲ್ಲಿ ಪುಟ್ಟ ಮನೆ ಕಟ್ಟಿ ಆಡುತ್ತಿದ್ದಾರೆ. ಆ ಮನೆಗಳ ಮೇಲೆ ರಾಗ ಇರುವ ತನಕ ಅವಕ್ಕೇ ಜೋತುಬೀಳುತ್ತಾರೆ. ಇಲ್ಲಿ ಬರುವ ಎರಡು ಪದಗಳನ್ನು ನೋಡಿ: 'ಧನಾಯಂತಿ', ಧನವೆಂದು ಎಣಿಸುತ್ತಾರೆ, 'ಮಮಾಯಂತಿ', ನನ್ನದು ಅನ್ನುತ್ತಾರೆ. ನಾವು ಬಹಳ ಒಳ್ಳೆಯ ಮಾತೆಂದು ಬಳಸುವ 'ಮಮತೆ'ಯೂ ಇದೇ 'ಮಮ'ದಿಂದ ಬಂದದ್ದು. ಮುಂದೆ ಆ ರಾಗ ತೀರಿದಾಗ ಅದೇ ಮಕ್ಕಳು ಕೈಯಿಂದ, ಕಾಲಿನಿಂದ ಮನೆಗಳನ್ನು ಕೆಡವಿ ಚೆಲ್ಲಾಡುತ್ತಾರೆ. ಯಾರೂ ಅಳುವುದಿಲ್ಲ.

ಈ ಸುತ್ತವನ್ನು ನಾನು ಹಲವು ಸಲ ಓದಿದ್ದೆ, ಪಾಠವನ್ನೂ ಮಾಡಿದ್ದೆ. ಅದು ನನಗೆ ತಾಗಿದ್ದು ಹೋದ ಭಾನುವಾರ.

ಮಗನಿಗೆ ಶೂ ಕೊಡಿಸಲು ಮೈಸೂರಿನ ಒಂದು ಮಾಲ್‌ಗೆ ಹೋಗಿದ್ದೆವು. ಮೂರನೇ ಮಹಡಿಯಲ್ಲಿ ಎಸ್ಕಲೇಟರ್ ಇಳಿದವಳು ಹಾಗೇ ನಿಂತುಬಿಟ್ಟೆ. ಈಗ ಬಟ್ಟೆ ಅಂಗಡಿ ಇರುವ ಆ ಜಾಗದಲ್ಲಿ ಮೊದಲು ಮಕ್ಕಳ ಪ್ಲೇ ಏರಿಯಾ ಇತ್ತು. ಸುತ್ತ ಬಲೆ, ಒಳಗೆ ಜಾರುಬಂಡೆ, ತೆವಳಿಕೊಂಡು ಹೋಗುವ ಸುರಂಗ, ಮೂಲೆಯಲ್ಲಿ ಎದೆಮಟ್ಟ ಪ್ಲಾಸ್ಟಿಕ್ ಚೆಂಡು ತುಂಬಿದ ಬಾಲ್ ಪೂಲ್. ಕಾಲುಚೀಲ ಇಲ್ಲದೆ ಒಳಗೆ ಬಿಡುತ್ತಿರಲಿಲ್ಲ. ಮರೆತು ಹೋದರೆ ಅಲ್ಲೇ ದುಪ್ಪಟ್ಟು ಬೆಲೆಗೆ ಕೊಳ್ಳಬೇಕು. ಮಣಿಕಟ್ಟಿಗೆ ಕಾಗದದ ಪಟ್ಟಿ ಸುತ್ತಿದರೆ ಒಂದು ಗಂಟೆ ಆಟ. ಶನಿವಾರ ನನಗೆ ಅರ್ಧ ದಿನ ಶಾಲೆ. ಮಧ್ಯಾಹ್ನ ಅವನನ್ನು ಒಳಗೆ ಬಿಟ್ಟು, ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಿರುಪರೀಕ್ಷೆಯ ಉತ್ತರಪತ್ರಿಕೆ ಇಟ್ಟುಕೊಂಡು ಕೂರುತ್ತಿದ್ದೆ. ಅವನ ನಾಲ್ಕನೇ ವಯಸ್ಸಿನಿಂದ ಸುಮಾರು ನಾಲ್ಕೈದು ವರ್ಷ ಇದೇ ನಡೆಯಿತು.

ಕೊನೆಯ ಸಲ ಹೋದದ್ದು 2020ರ ಮಾರ್ಚ್ 7ರ ಶನಿವಾರ. ದಿನ ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಆ ರಾತ್ರಿ ಅವನ ಜಾಕೆಟ್ ಜೇಬಿನಲ್ಲಿ ಒಂದು ಕೆಂಪು ಚೆಂಡು ಸಿಕ್ಕಿತು. ಅದಿನ್ನಾದಾನದ ಶೀಲ ಹೇಳಿ, "ಬರೋ ಶನಿವಾರ ನೀನೇ ವಾಪಸ್ ಕೊಡಬೇಕು" ಅಂದೆ. ಬರುವ ಶನಿವಾರ ಮಾರ್ಚ್ 14. ಅಂದಿನಿಂದಲೇ ರಾಜ್ಯದಲ್ಲಿ ಮಾಲ್‌ಗಳನ್ನೆಲ್ಲ ಮುಚ್ಚಿಸಿದರು. ಜೂನ್ 8ರಿಂದ ಮಾಲ್ ತೆರೆಯಬಹುದು ಎಂದಾಗಲೂ ಮಕ್ಕಳ ಆಟದ ಜಾಗಗಳು ಮುಚ್ಚಿರಬೇಕೆಂದು ಕೇಂದ್ರದ ಮಾರ್ಗಸೂಚಿಯಲ್ಲಿತ್ತು. ನಮ್ಮದು ಮತ್ತೆ ತೆರೆಯಲೇ ಇಲ್ಲ. ಚೆಂಡು ನಮ್ಮ ಮನೆಯಲ್ಲೇ ಉಳಿಯಿತು, ಹಿಂದಿರುಗಿಸಲು ಯಜಮಾನರೇ ಇಲ್ಲದೆ.

ಆ ಅಂಗಡಿಯ ಮುಂದೆ ನನಗೆ ಕಣ್ಣು ತುಂಬಿತು. ಮಗ ಈಗ ಒಂಬತ್ತನೇ ತರಗತಿ, ನನಗಿಂತ ಎತ್ತರ. "ಇಲ್ಲೇ ಅಲ್ವೇನೋ ನೀನು ಆಡ್ತಿದ್ದಿದ್ದು? ನೆನಪಿದ್ಯಾ?" ಅಂದೆ.

"ಹ್ಞೂಂ. ಕಾಲುಚೀಲದ ವಾಸನೆ ನೆನಪಿದೆ" ಎಂದು ನಕ್ಕ. ಸ್ವಲ್ಪ ಹೊತ್ತು ಬಿಟ್ಟು, "ನಾನು ಚೆಂಡೊಳಗೆ ಬಚ್ಚಿಟ್ಕೊಂಡು ನಿನ್ನ ಕೂಗ್ತಿದ್ದೆ. ನೀನು 'ಒಂದ್ ನಿಮಿಷ' ಅಂತಿದ್ದೆ. ಬಾಮ್ಮ, ಶೂ ಅಂಗಡಿ ಆ ಕಡೆ."

ದೂರಿನ ದನಿ ಇರಲಿಲ್ಲ. ಅವನ ಮಣ್ಣಿನ ಮನೆಯನ್ನು ಅವನು ಎಂದೋ ಕೆಡವಿ ಎದ್ದು ಹೋಗಿದ್ದ. ನಾನು ಮಾತ್ರ ಅಲ್ಲೇ ಕೂತಿದ್ದೆ, ಅದೂ ನಾನು ಸರಿಯಾಗಿ ನೋಡಿಯೇ ಇರದ ಮನೆಯೊಳಗೆ. ಇಷ್ಟು ವರ್ಷ ನನ್ನ ನೆನಪಿನಲ್ಲಿದ್ದ ಚಿತ್ರದಲ್ಲಿ ಅವನು ಚೆಂಡುಗಳ ನಡುವೆ ನಗುತ್ತಿದ್ದ, ನಾನು ನೋಡುತ್ತಿದ್ದೆ. ಆ ಕೆಂಪು ಶಾಯಿಯ ಪೆನ್ನನ್ನು ಚಿತ್ರದಿಂದ ಯಾವಾಗ ತೆಗೆದುಹಾಕಿದೆನೋ!

ಹಳಹಳಿಕೆ ನನ್ನೊಬ್ಬಳದೇ ಅಲ್ಲ. ಅಮೆರಿಕದಲ್ಲಿ ಬೆಳೆದ ಚಿಕ್ಕಪ್ಪನ ಮಗಳಿಗೆ ಇದನ್ನು ಹೇಳಿದರೆ ಅವಳು ಡಿಸ್ಕವರಿ ಜೋನ್ ಕಥೆ ತೆಗೆದಳು. 1989ರಲ್ಲಿ ಕನ್ಸಾಸ್ ಸಿಟಿಯಲ್ಲಿ ಶುರುವಾಗಿ ದೇಶದ ತುಂಬ ನೂರಾರು ಕಡೆ ಹಬ್ಬಿದ ಒಳಾಂಗಣ ಆಟದ ಮನೆಗಳವು. 1996ರಲ್ಲಿ ದಿವಾಳಿ ಅರ್ಜಿ ಹಾಕಿದರು, 1999ಕ್ಕೆಲ್ಲ ಕಥೆ ಮುಗಿಯಿತು. ಅಲ್ಲಿ ಹುಟ್ಟುಹಬ್ಬ ಮಾಡಿಕೊಂಡಿದ್ದ ಮಕ್ಕಳಿಗೆ ಈಗ ನಲವತ್ತರ ಆಸುಪಾಸು. ಹಳೆಯ ಫೋಟೊ ಕಂಡರೆ ಇವಳಿಗೆ ಇವತ್ತಿಗೂ ಗಂಟಲು ಕಟ್ಟುತ್ತದಂತೆ.

ಇಲ್ಲಿ ಸುತ್ತದ ಕ್ರಮವನ್ನು ಗಮನಿಸಬೇಕು. ಮಕ್ಕಳಲ್ಲಿ *ಮೊದಲು ರಾಗ ಹೋಗುತ್ತದೆ, ಆಮೇಲೆ ಮನೆ ಬೀಳುತ್ತದೆ*. ನಮ್ಮಲ್ಲಿ ಮನೆ ಬಿದ್ದಿದೆ, ರಾಗ ನಿಂತಿದೆ. ಅನಿಚ್ಚದ ಬಗ್ಗೆ ಮಾತಾಡುವಾಗ ನಾವು ಇದನ್ನು ತಪ್ಪಿಸಿಬಿಡುತ್ತೇವೆ. ಎಲ್ಲವೂ ಹೋಗುತ್ತದೆ ಅಂದುಬಿಟ್ಟರೆ ಬಿಡುಗಡೆ ಆದಂತೆ ಅಂದುಕೊಳ್ಳುತ್ತೇವೆ. ಕೈಯಿಂದ ಕಿತ್ತುಹೋದದ್ದು ಬೇರೆ, ಕೈ ಬಿಟ್ಟದ್ದು ಬೇರೆ. ಕಿತ್ತುಹೋದ ವಸ್ತುವಿಗೆ ಮನಸ್ಸು ಇನ್ನೂ ಬಿಗಿಯಾಗಿ ಅಂಟುತ್ತದೆ, ಏಕೆಂದರೆ ಅದು ಇನ್ನು ಹಳತಾಗುವುದಿಲ್ಲ, ಬೇಸರ ತರಿಸುವುದಿಲ್ಲ, ಕಾಲುಚೀಲದ ವಾಸನೆ ಬರುವುದಿಲ್ಲ.

ಹಾಗಾದರೆ ನೆನೆಯುವುದೇ ತಪ್ಪೇ? ಅಲ್ಲ. ಮಜ್ಝಿಮ ನಿಕಾಯದ ಭದ್ದೇಕರತ್ತ ಸುತ್ತದಲ್ಲಿ ಇದರ ವಿವರಣೆ ಇದೆ. ಹಿಂದೆ ನನಗೆ ಇಂಥ ರೂಪವಿತ್ತು, ಇಂಥ ವೇದನೆಯಿತ್ತು ಎಂದು ಅದರಲ್ಲಿ 'ನಂದಿ'ಯನ್ನು, ಸವಿಯನ್ನು ಹುಡುಕುವುದೇ ಕಳೆದದ್ದರ ಬೆನ್ನು ಹತ್ತುವುದು. ನೆನಪು ಬಂದರೆ ಬರಲಿ. ಅದರಲ್ಲಿ 'ನನ್ನ' ಯಾವುದು ಎಂದು ನೋಡಬೇಕು. ನಾನು ನೋಡಿದಾಗ ಸಿಕ್ಕಿದ್ದು ಬಾಲ್ ಪೂಲ್ ಅಲ್ಲ, ಅದರೊಳಗಿಂದ ನನ್ನನ್ನು ಕೂಗುತ್ತಿದ್ದ ಒಂದು ದನಿ. ಬೇಕಾದವಳಾಗಿದ್ದೆ ಅನ್ನುವುದು. ಅದರ ಹಿಂದೆಯೇ, ಕೂಗಿದಾಗ ಏಳಲಿಲ್ಲ ಅನ್ನುವುದು. ಇವೆರಡನ್ನೂ ನಾನು ಧನದ ಹಾಗೆ ಎಣಿಸಿಟ್ಟುಕೊಂಡಿದ್ದೆ. ತಪ್ಪಿತಸ್ಥ ಭಾವವನ್ನೂ 'ನನ್ನದು' ಎಂದು ಕಾಪಿಡಬಹುದು ಎಂದು ಆವತ್ತೇ ತಿಳಿದದ್ದು.

ನಿನ್ನೆ ಸಂಜೆ ಉತ್ತರಪತ್ರಿಕೆ ತಿದ್ದುವಾಗ ಮಗ ಅಡುಗೆಮನೆಯಿಂದ, "ಅಮ್ಮ, ಸಕ್ಕರೆ ಡಬ್ಬ ಎಲ್ಲಿ?" ಎಂದು ಕೂಗಿದ. ಬಾಯಿಗೆ 'ಒಂದ್ ನಿಮಿಷ' ಬಂದೇಬಿಟ್ಟಿತ್ತು. ಪೆನ್ನು ಇಟ್ಟು ಎದ್ದು ಹೋದೆ. ಅಷ್ಟರಲ್ಲಿ ಅವನಿಗೇ ಸಿಕ್ಕಿತ್ತು. ಇಬ್ಬರೂ ಅಲ್ಲೇ ನಿಂತು ಚಹಾ ಕುಡಿದೆವು.

ಕೆಂಪು ಚೆಂಡು ಟಿ.ವಿ. ಪಕ್ಕದಲ್ಲಿತ್ತು. ಭಾನುವಾರದ ಅಧ್ಯಯನಕ್ಕೆ ಅಪ್ಪ ಅಮ್ಮನ ಜೊತೆ ಬರುವ ಚಿಕ್ಕಮಕ್ಕಳು ನಾವು ಓದುವಾಗ ಸುಮ್ಮನೆ ಕೂರಲಾಗದೆ ಒದ್ದಾಡುತ್ತಾರಲ್ಲ, ಅವರಿಗಿರಲಿ ಎಂದು ಚೀಲಕ್ಕೆ ಹಾಕಿದ್ದೇನೆ. ಹಾಕಿ, ಒಮ್ಮೆ ಹೊರತೆಗೆದು, ಮತ್ತೆ ಹಾಕಿದ್ದೇನೆ.

ಭವತು ಸಬ್ಬ ಮಂಗಲಂ 🙏