ಉಪ್ಪು, ಚಿನ್ನ ಮತ್ತು ಪುಸ್ತಕ: ಟಿಂಬಕ್ಟು ನಗರದ ಪರಿಚಯ



ಆಫ್ರಿಕಾ ಖಂಡದ ಭೂಪಟವನ್ನು ಎದುರಿಗಿಟ್ಟುಕೊಳ್ಳಿ. ಪಶ್ಚಿಮದ ಮಾಲಿ ದೇಶದಲ್ಲಿ, ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿ, ನೈಜರ್ ನದಿಗೆ ಸಮೀಪದಲ್ಲಿ ಟಿಂಬಕ್ಟು ಎಂಬ ಊರು ಕಾಣುತ್ತದೆ. ಸುಮಾರು 1100ರ ಹೊತ್ತಿಗೆ ತುವಾರೆಗ್ ಎಂಬ ಅಲೆಮಾರಿ ಜನರು ವರ್ಷದ ಕೆಲವು ತಿಂಗಳು ಇಲ್ಲಿ ಬಿಡಾರ ಹೂಡುತ್ತಿದ್ದರು. ಆ ಬಿಡಾರವೇ ಬೆಳೆದು ನಗರವಾಯಿತು.

ಊರು ಬೆಳೆದದ್ದು ವ್ಯಾಪಾರದಿಂದ. ಉತ್ತರದ ಮರುಭೂಮಿಯ ಗಣಿಗಳಿಂದ ಒಂಟೆಗಳು ದೊಡ್ಡ ಹಲಗೆಗಳಂತಹ ಉಪ್ಪಿನ ಗಟ್ಟಿಗಳನ್ನು ಹೊತ್ತು ತರುತ್ತಿದ್ದವು. ದಕ್ಷಿಣದಿಂದ ಚಿನ್ನ ಬರುತ್ತಿತ್ತು; ದವಸಧಾನ್ಯ ದೋಣಿಗಳಲ್ಲಿ ಬರುತ್ತಿತ್ತು. ಇದೇ ದಾರಿಗಳಲ್ಲಿ ಗುಲಾಮರ ಮಾರಾಟವೂ ನಡೆಯುತ್ತಿತ್ತು ಎಂಬ ಕಹಿ ಸತ್ಯವನ್ನೂ ನಾವು ಮರೆಯಬಾರದು.

1324ರಲ್ಲಿ ಮೆಕ್ಕಾ ಯಾತ್ರೆ ಕೈಗೊಂಡ ಮಾಲಿಯ ದೊರೆ ಮಾನ್ಸಾ ಮೂಸಾ, ಹಿಂದಿರುಗಿದ ಮೇಲೆ ಇಲ್ಲಿ ಜಿಂಗರೆಬೆರ್ ಮಸೀದಿಯನ್ನು ಕಟ್ಟಿಸಿದನು. ಅದು ಮಣ್ಣಿನ ಕಟ್ಟಡ. ಗಾಳಿ ಮಳೆಗೆ ಸವೆಯುವ ಅದರ ಗೋಡೆಗಳಿಗೆ ಊರಿನವರೆಲ್ಲ ಸೇರಿ ಮತ್ತೆ ಮತ್ತೆ ಮಣ್ಣು ಮೆತ್ತುವ ಪದ್ಧತಿ ಇಂದಿಗೂ ಇದೆ.

16ನೇ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದ ಪ್ರವಾಸಿ ಲಿಯೋ ಆಫ್ರಿಕಾನಸ್ ಒಂದು ಸಂಗತಿಯನ್ನು ಬರೆದಿಟ್ಟಿದ್ದಾನೆ: ಈ ಪೇಟೆಯಲ್ಲಿ ಬೇರೆಲ್ಲ ಸರಕುಗಳಿಗಿಂತ ಪುಸ್ತಕಗಳಿಂದಲೇ ಹೆಚ್ಚು ಲಾಭವಂತೆ! ಧರ್ಮ, ಕಾನೂನು, ಖಗೋಳ, ವೈದ್ಯ, ಗಣಿತ, ಕಾವ್ಯ ಹೀಗೆ ಹಲವು ವಿಷಯಗಳ ಹಸ್ತಪ್ರತಿಗಳು ಮನೆಮನೆಯಲ್ಲಿದ್ದವು. ಹೆಚ್ಚಿನವು ಅರಬ್ಬೀ ಭಾಷೆಯವು. ಸ್ಥಳೀಯರು ತಮ್ಮ ಸೊಂಘಾಯ್‌ನಂತಹ ಮಾತೃಭಾಷೆಗಳನ್ನೂ ಅರಬ್ಬೀ ಲಿಪಿಯಲ್ಲಿ ಬರೆದರು.

1591ರಲ್ಲಿ ಮೊರಾಕ್ಕೋದ ಸೈನ್ಯ ನಗರವನ್ನು ವಶಪಡಿಸಿಕೊಂಡಿತು. ಸೆರೆಯಾದ ವಿದ್ವಾಂಸ ಅಹ್ಮದ್ ಬಾಬಾ ತನ್ನ 1,600 ಪುಸ್ತಕಗಳು ಹೋದವೆಂದು ದುಃಖಿಸಿದನು. ತನ್ನ ಬಂಧುಗಳ ಪೈಕಿ ತನ್ನದೇ ಅತಿ ಚಿಕ್ಕ ಗ್ರಂಥಭಂಡಾರವೆಂದೂ ಹೇಳಿದನು!

2012ರಲ್ಲಿ ಶಸ್ತ್ರಧಾರಿ ಗುಂಪುಗಳು ನಗರವನ್ನು ಹಿಡಿದು, ಹಳೆಯ ಗೋರಿಗಳನ್ನು ಒಡೆದವು. ಆಗ ಗ್ರಂಥಪಾಲಕರೂ ಮನೆತನದವರೂ ಹಸ್ತಪ್ರತಿಗಳನ್ನು ತಗಡಿನ ಪೆಟ್ಟಿಗೆಗಳಲ್ಲಿ ತುಂಬಿ, ಗಾಡಿ ಮತ್ತು ದೋಣಿಗಳಲ್ಲಿ ಗುಟ್ಟಾಗಿ ರಾಜಧಾನಿ ಬಮಾಕೋಗೆ ಸಾಗಿಸಿದರು. 2013ರ ಜನವರಿಯಲ್ಲಿ ಸಾವಿರಾರು ಪ್ರತಿಗಳು ಬೆಂಕಿಗೆ ಆಹುತಿಯಾದರೂ ಬಹುಪಾಲು ಉಳಿದವು. 2025ರ ಆಗಸ್ಟ್‌ನಲ್ಲಿ ಅವುಗಳಲ್ಲಿ ಹಲವು ಮರಳಿ ಟಿಂಬಕ್ಟು ಸೇರತೊಡಗಿದವು.

ಮಕ್ಕಳೇ, ಜೀವದ ಹಂಗು ತೊರೆದು ಪುಸ್ತಕ ಕಾಪಾಡಿದ ಇವರು ನಮ್ಮ ನಿಮ್ಮಂತಹ ಸಾಮಾನ್ಯ ಜನರೇ. ಈ ರಜೆಯಲ್ಲಿ ಊರಿಗೆ ಹೋದಾಗ ಅಜ್ಜನ ಹಳೆಯ ಪತ್ರಗಳನ್ನೋ, ಅಜ್ಜಿಯ ಹಾಡಿನ ಪುಸ್ತಕವನ್ನೋ ಕೇಳಿ ಪಡೆದು ಓದಿ. ಪೋಷಕರೇ, ದಯವಿಟ್ಟು ನೀವೂ ಜೊತೆಗೆ ಕುಳಿತುಕೊಳ್ಳಿ. ಓದಲು ಬಂದರೆ ತಾನೇ ಕಾಪಾಡಬೇಕೆಂಬ ಮನಸ್ಸು ಬರುವುದು?